ವಾದ್ಯಗಳು ನಿಂತ ಮೇಲೆ ಸಮುದ್ರ

8 ಅಕ್ಟೋಬರ್ 1961, ರವಿವಾರ. ಇಚಲಕರಂಜಿ

ರಿಹರ್ಸಲ್ ಮುಗಿಸಿ ಕೊಲ್ಹಾಪುರದಿಂದ ಈಗ ಬಂದೆ. ಬಸ್ಸಿನಲ್ಲಿ ನಿಂತೇ ಬಂದದ್ದು. ಕ್ಲಾರಿಯೋನೆಟ್ ಪೆಟ್ಟಿಗೆ ಎದೆಗೆ, ಯಾರದೋ ಕೋಳಿ ಕಾಲಿಗೆ. ಬಾಯಿಗಿಟ್ಟು ಊದುವ ರೀಡ್ ಮತ್ತೆ ಸೀಳಿದೆ.

ಸಖಾರಾಮ ಮಾಸ್ತರರು ಇವತ್ತೂ ಎಲ್ಲರನ್ನೂ ಸಾಲಾಗಿ ಬೈದರು. "ಒಬ್ಬರರೇ ಸಮುದ್ರ ನೋಡೀರೇನ್ರೋ?" ಯಾರೂ ಕೈ ಎತ್ತಲಿಲ್ಲ. ನಾವೆಲ್ಲ ಮದುವೆ ಬ್ಯಾಂಡಿನವರು, ಭಜನೆಯವರು, ಕೊಳಲಿಗೆ ಹುಪರಿಯ ಬೆಳ್ಳಿ ಕೆಲಸದವನು. ಪಂಚಗಂಗೆಯೇ ನಮಗೆ ದೊಡ್ಡ ನೀರು. ಡಿಸೆಂಬರಿಗೆ ನಾವು ಕೊಡುವ ಕಾರ್ಯಕ್ರಮವೋ ಇಡೀ ಸಂಜೆ ಸಮುದ್ರದ್ದೇ — ಮೀನುಗಾರರ ಹಾಡು, ದೋಣಿ ಹಾಡು, ನಡುನಡುವೆ ಮಾತಿಲ್ಲದ ಆರ್ಕೆಸ್ಟ್ರಾ. ಮಾಸ್ತರರು ಹಿಂದೆ ಸಿನೆಮಾ ಸ್ಟುಡಿಯೋದಲ್ಲಿ ಪಿಟೀಲು ಬಾರಿಸಿದವರು. ಮುಂಬೈಯಲ್ಲಿ ಸಮುದ್ರದ ಮಗ್ಗುಲಲ್ಲೇ ಮನೆ ಮಾಡಿದ್ದರು. ತಾಯಿ ನಿಪ್ಪಾಣಿ ಕಡೆಯವರು, ಅದಕ್ಕೇ ನನ್ನ ಜೊತೆ ಕನ್ನಡ.

ಗೆಜ್ಜೆ ಹಿಡಿದವನೊಬ್ಬ ಇದ್ದಾನೆ. ಅದು ಅಲೆಯ ಮೇಲಿನ ನೊರೆಗಂತೆ. ಕೈ ಆಡಿಸುತ್ತಾನೆ, ಸಪ್ಪಳವೇ ಇಲ್ಲ. ಮೈಗಳ್ಳ. ಅವನಿಗೆ ಮಾಸ್ತರರ ಶಾಭಾಸ್ ಬೇರೆ! ಹುಪರಿಯವನೂ ಅಷ್ಟೇ — ಮೇಲಿನ ಸ್ವರಕ್ಕೆ ಬಂದಾಗ ಬರೀ ಗಾಳಿ ಊದುತ್ತಾನೆ. ನಾನೇಕೆ ಹೇಳಿ ಕೆಟ್ಟವನಾಗಲಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವರು ನಾಳೆ ಕೊಳಲೇ ಡೊಂಕು ಅಂದಾರು.

ಕೊನೆಗೆ ಕೇಳಿಯೇಬಿಟ್ಟೆ — "ಸಮುದ್ರದ ಸಪ್ಪಳ ಹೆಂಗಿರ್ತೈತ್ರಿ, ಮಾಸ್ತರ?"

"ಅಲಿ ಬರೂದು ಹೋಗೂದು ಎಲ್ಲಾರಿಗೂ ಗೊತ್ತು. ಅದರ ಹಿಂದ ಒಂದು ಇರ್ತೈತಿ ನೋಡು ಅಪ್ಪಣ್ಣ. ನಿಲ್ಲೂದಽ ಇಲ್ಲ. ಹೊಂ... ಅಂತ. ಮಲಕೊಂಡ್ರೂ ಕೇಳ್ತೈತಿ, ಬಾಗಲಾ ಹಾಕಿದ್ರೂ ಕೇಳ್ತೈತಿ. ಅದನ್ನ ಯಾವ ವಾದ್ಯದಾಗ ತರೂದು, ಅದಽ ನನಗ ತಿಳೀವಲ್ದು."

ಅದು ನನಗೆ ಗೊತ್ತು! ಸಮುದ್ರ ನೋಡಿಲ್ಲ, ಆದರೆ ಅದು ಗೊತ್ತು.

10 ಅಕ್ಟೋಬರ್. ಪಾಳಿ ಮುಗಿದ ಮೇಲೆ

ಮಗ್ಗಗಳು ನಿಂತವು. ಲಾಳಿಯ ಬಡಿತ ನಿಂತಿತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಬಂತು... ಹೊಂ. ಕಿವಿಯ ಒಳಗೆ, ತಲೆಯ ತುಂಬ. ಮಾಸ್ತರರು ಹೇಳಿದ್ದು ಇದನ್ನೇ.

ಅಪ್ಪ ಇದಕ್ಕೆ ನಾದ ಎನ್ನುತ್ತಾನೆ. ಬನಹಟ್ಟಿಯಲ್ಲಿ ಅಜ್ಜನ ಕೈಮಗ್ಗ ಇದ್ದಾಗ ಧ್ಯಾನಕ್ಕೆ ಕೂತ ಮುದುಕರಿಗಷ್ಟೇ ಕೇಳುತ್ತಿತ್ತಂತೆ. ಇಲ್ಲಿ ಕರೆಂಟಿನ ಮಗ್ಗಕ್ಕೆ ಬಂದ ಮೇಲೆ ಹುಡುಗರಿಗೂ ಕೇಳತೊಡಗಿತು. "ಈ ಊರಿಗೆ ಬಂದ ಮ್ಯಾಲ ಶಿವಾ ನಮ್ಮ ಮ್ಯಾಲ ಭಾಳ ಕರುಣಾ ಮಾಡ್ಯಾನ" ಎಂದು ಸೋಮವಾರದ ಭಜನೆಯಲ್ಲಿ ಹೇಳದೆ ಬಿಡುವುದಿಲ್ಲ. ಹೇಳುವಾಗ ಕಣ್ಣಲ್ಲಿ ನೀರು.

ಅದಕ್ಕೇ ನಮ್ಮ ಮನೆಯಲ್ಲಿ ಕಾಯಿ ಒಡೆಯುವುದು. ಯಾರಿಗಾದರೂ ಮೊದಲ ಸಲ ನಾದ ಹತ್ತಿದರೆ ಹೊಸ್ತಿಲಲ್ಲಿ ಕಾಯಿ, ಹಣೆಗೆ ವಿಭೂತಿ, ಓಣಿಗೆಲ್ಲ ಕೊಬ್ಬರಿ. ನನಗೆ ಹತ್ತಿದಾಗ ಮೀಸೆ ಇನ್ನೂ ಮೂಡಿರಲಿಲ್ಲ. ಮೀಸೆಯ ಹಾಗೆಯೇ ಇದೂ, ಒಂದು ವಯಸ್ಸಿಗೆ ಎಲ್ಲರಿಗೂ ಬರುತ್ತದೆ. ನಮ್ಮ ಓಣಿಯಲ್ಲಿ ಒಂದಿಷ್ಟು ಬೇಗ. ಮಾಸ್ತರರಂಥ ದೊಡ್ಡ ಕಿವಿಗೆ ಹತ್ತದೆ ಇದ್ದೀತೇ?

ಮನೆಗೆ ಬಂದ ಮೇಲೆ ರಾಯವ್ವ ಚಹಾ ತಂದಿಟ್ಟಳು. ಏನೋ ಅಂದಳು. ತುಟಿ ಅಲುಗಿತು, ಅಷ್ಟೇ. ಮದುವೆಯಾಗಿ ಐದು ತಿಂಗಳು, ಇನ್ನೂ ಅದೇ ನಾಚಿಕೆ. ನೆಲ ನೋಡಿಕೊಂಡೇ ಮಾತು. ಅವ್ವನೇ ವಾಸಿ, ನಾಲ್ಕು ಮನೆಗೆ ಕೇಳುವ ಹಾಗೆ ಕೂಗುತ್ತಾಳೆ — ಒಂದಕ್ಷರ ತಪ್ಪುವುದಿಲ್ಲ.

10 ನವೆಂಬರ್. ಗಡಹಿಂಗ್ಲಜ

ಅಳಿಯನ ಮೊದಲ ದೀಪಾವಳಿ. ತಿಂದು ತಿಂದು ಏಳಲಾರೆ. ಮಾವ ಯಮನಪ್ಪನವರು ಎಲೆಯ ಮುಂದೆ ಕೂತು ಬಡಿಸುವವರಿಗೆ ಸನ್ನೆ ಮಾಡುತ್ತಾರೆ, ನಾನು ಬೇಡವೆಂದರೆ ಇನ್ನೊಂದು ಹೋಳಿಗೆ.

"ನಮ್ಮ ರಾಯಿ ನಿಮ್ಮ ತಲಿ ತಿಂದಿರಬೇಕಲ್ರಿ? ಹುಟ್ಟಿದಾಗಿಂದ ಬಾಯಿ ಮುಚ್ಚಿದ ಹುಡಿಗಿ ಅಲ್ಲ ಅದು" ಎಂದರು.

ಯಾರ ಬಗ್ಗೆ ಮಾತಾಡುತ್ತಿದ್ದಾರೆ? ನಾನು ನಕ್ಕೆ. ಅತ್ತೆ ಬೇರೆ ದನಿಗೂಡಿಸಿದರು — "ಬೀಸಾಕ ಕುಂತ್ಲಂದ್ರ ಓಣಿ ಮಂದಿ ಹಾಡು ಕೇಳಾಕ ಬಂದು ನಿಲ್ತಿದ್ರು." ಮಗಳನ್ನು ಹೊಗಳದ ತಾಯಿ ಯಾರು? ನಮ್ಮ ಮನೆಯಲ್ಲೂ ಬೀಸುತ್ತಾಳೆ. ಪಕ್ಕದಲ್ಲೇ ಕೂತು ರೀಡ್ ತಿದ್ದುತ್ತೇನೆ. ತುಟಿ ಆಡಿಸುವುದು ಕಂಡಿದ್ದೇನೆ, ಹಾಡು ಕೇಳಿಲ್ಲ. ಹೇಳಿದರೆ ಅವಳಿಗೆ ಅವಮಾನವೆಂದು ಹೌದ್ರಿ ಎಂದೆ.

ರಾಯವ್ವ ನನ್ನನ್ನೇ ನೋಡುತ್ತಿದ್ದಳು. ನಗಲಿಲ್ಲ.

ಮಧ್ಯಾಹ್ನ ಹಿರಣ್ಯಕೇಶಿ ನದಿಯ ದಂಡೆಗೆ ಹೋಗಿ ಕೂತೆ. ಮಗ್ಗ ಇಲ್ಲದ ಊರು. ಗದ್ದಲ ಇಲ್ಲದ ಕಡೆ ನಾದ ಇನ್ನೂ ದೊಡ್ಡದು. ಅಲ್ಲೇ ಬರೆದೆ — ಇಡೀ ಪೀಸ್, ಒಂದೇ ಬೈಠಕ್‌ನಲ್ಲಿ! ಹೆಸರು 'ದಂಡೆ'. ಅಲೆಗೆ ಪಿಟೀಲುಗಳು, ದೋಣಿಗೆ ನನ್ನ ಕ್ಲಾರಿಯೋನೆಟ್, ನೊರೆಗೆ ಗೆಜ್ಜೆ (ಆ ಮೈಗಳ್ಳನೇ ಗತಿ). ಏರಿ ಏರಿ ಎಲ್ಲ ಒಟ್ಟಿಗೆ... ಥಟ್ಟನೆ ನಿಲ್ಲಬೇಕು. ಎಂಟು ಆವರ್ತನ ಯಾರೂ ವಾದ್ಯ ಮುಟ್ಟಬಾರದು. ಆಗ ಸಭೆಯಲ್ಲಿ ಎಲ್ಲರ ಕಿವಿಯಲ್ಲೂ ಸಮುದ್ರ ತಾನಾಗಿಯೇ ಏಳುತ್ತದೆ. ಅದರ ಮೇಲೆ ನಾನೊಬ್ಬನೇ, ಕೆಳಗಿನ ಸ್ವರದಲ್ಲಿ, ದೋಣಿ ದಂಡೆಗೆ ತರಬೇಕು.

ಯಾವ ವಾದ್ಯದಲ್ಲಿ ತರುವುದು ಎಂದು ಮಾಸ್ತರರು ತಲೆ ಕೆಡಿಸಿಕೊಂಡಿದ್ದರು. ವಾದ್ಯವೇ ಬೇಡ! ಇಷ್ಟು ಸುಲಭದ್ದು ಅವರಿಗೆ ಹೊಳೆಯಲಿಲ್ಲವಲ್ಲ. ಖುಷಿಯಿಂದ ಎದ್ದು ನದಿಗೆ ಕೈ ಮುಗಿದೆ. ಹುಚ್ಚ.

19 ನವೆಂಬರ್, ರವಿವಾರ

ಮಾಸ್ತರರು ನೋಟೇಶನ್ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ಅರೇ ಬಾಬಾ, ಇದನ್ನ ನೀ ಬರದೀ?" ಖಾಲಿ ಜಾಗದ ಮೇಲೆ ಬೆರಳಿಟ್ಟರು. "ಇಲ್ಲೇನೈತಿ?"

"ಅಲ್ಲಿ ಸಮುದ್ರ ಐತ್ರಿ."

"ಹೆಂಗ ತರ್ತೀ?"

"ಅದು ಬರ್ತೈತ್ರಿ. ನೀವು ನೋಡ್ರಿ."

ಬೆನ್ನು ತಟ್ಟಿದರು. ನಾನೇನೋ ಯುಕ್ತಿ ಮಾಡಿಟ್ಟಿದ್ದೇನೆ ಎಂದುಕೊಂಡಿರಬೇಕು. ಕಾರ್ಯಕ್ರಮದ ಕೊನೆಯ ಪೀಸ್ ನನ್ನದೇ. ಕೊನೆಯದು! ಬಸ್ಸಿನಲ್ಲಿ ಜಾಗ ಸಿಕ್ಕರೂ ಕೂರಲಿಲ್ಲ, ಕೂತರೆ ಹಿಡಿಸಲಾರೆ ಅನ್ನಿಸಿತು.

27 ನವೆಂಬರ್

ರಾಯವ್ವ ಇವತ್ತಿನಿಂದ ಕಾರ್ಖಾನೆಗೆ. ಕಂಡಿ ಸುತ್ತುವ ಮಶಿನ್ ಮೇಲೆ — ಲಾಳಿಯಲ್ಲಿ ಕೂರುವ ನೂಲು ಸುತ್ತುವ ಕೆಲಸ, ಹೆಂಗಸರದ್ದೇ. ಅವ್ವ ಮಾತಾಡಿ ತನ್ನ ಮಗ್ಗುಲ ಮಶಿನ್ ಕೊಡಿಸಿದಳು. ನನ್ನನ್ನು ಕೇಳಿದರು. ಹೂಂ ಎಂದೆ. ಆಗ ರೀಡ್ ತಿದ್ದುತ್ತಿದ್ದೆ, ತಲೆಯನ್ನೂ ಎತ್ತಲಿಲ್ಲ.

ನನ್ನ ಮಗ್ಗದಿಂದ ಅವಳ ಬೆನ್ನು ಕಾಣುತ್ತದೆ. ಮೊದಲಿಗೆ ಕಿವಿ ಮುಚ್ಚಿಕೊಂಡಳು. ಅವ್ವ ನಕ್ಕು ಕೈ ತೆಗೆಸಿದಳು.

10 ಡಿಸೆಂಬರ್, ರವಿವಾರ

ಏನಾಯಿತು ಬರೆಯುತ್ತೇನೆ. ಕ್ರಮವಾಗಿ ಬರೆಯಬೇಕು.

'ದಂಡೆ' ಮೊದಲ ಸಲ ಪೂರ್ತಿ. ಚೆನ್ನಾಗಿ ಏರಿತು. ಮಾಸ್ತರರು ಕೈ ಬೀಸಿ ಸನ್ನೆ ಮಾಡಿದರು, ಎಲ್ಲ ನಿಂತಿತು. ನಾನು ಕಣ್ಣು ಮುಚ್ಚಿದೆ.

ಬಂತು. ಸಮುದ್ರ. ತುಂಬಿಕೊಂಡು ಬಂತು. ಇಷ್ಟು ಚೆನ್ನಾಗಿ ಎಂದೂ ಕೇಳಿರಲಿಲ್ಲ. ಎಂಟು ಆವರ್ತನ ಆದ ಮೇಲೆ ಊದಬೇಕೆಂದು ತುಟಿಗಿಟ್ಟು ಕಣ್ಣು ತೆರೆದೆ — ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ತಬಲದವನು ನಗುತ್ತಿದ್ದಾನೆ.

"ಅಪ್ಪಣ್ಣ, ಸಮುದ್ರ ಎಲ್ಲಿ?" ಮಾಸ್ತರರು.

"ಬಂತಲ್ರಿ."

"ಏನ ಬಂತು?"

"ಈಗೂ ಬರಾಕತ್ತೈತಲ್ರಿ... ಕೇಳ್ರಿ. ಹೊಂ ಅಂತ. ಎಲ್ಲಾ ನಿಂತ ಮ್ಯಾಲ ಕಿವ್ಯಾಗ ಬರ್ತೈತಲ್ಲ, ಅದು."

ಪಾಪ, ಎಲ್ಲರೂ ನಿಜವಾಗಿಯೂ ಕೇಳಿದರು. ಕತ್ತು ವಾರೆ ಮಾಡಿ ಕೇಳಿದರು. ಹುಪರಿಯವನು ನಿಧಾನಕ್ಕೆ ಅಂದ — "ಹೊರಗ ಟಾಂಗಾ ಹೊಂಟೈತಿ. ಕುದರಿ ಗಂಟಿ. ಮತ್ತೇನಿಲ್ಲ."

ಯಾವ ಟಾಂಗಾ?

ಕಿಟಕಿಯತ್ತ ನೋಡಿದೆ. ಟಾಂಗಾ ಹೋಗುತ್ತಿತ್ತು. ಕುದುರೆಯ ಕೊರಳು ಅಲ್ಲಾಡುತ್ತಿತ್ತು. ಗಂಟೆ ಇತ್ತು.

ಮಾಸ್ತರರು ಒಬ್ಬೊಬ್ಬರನ್ನೇ ಕೇಳಿದರು. ನಿನಗೆ? ಇಲ್ಲ. ನಿನಗೆ? ಇಲ್ರಿ. ನಿನಗೆ? ಒಬ್ಬರಿಗೂ ಇಲ್ಲ. ಮಾಸ್ತರರಿಗೇ ಇಲ್ಲ! "ಬರೇ ಶಾಂತ ಇರ್ತೈತಿ ಬಾಬಾ. ಎಲ್ಲಾ ನಿಂತ್ರ ಏನೂ ಇರೂದಿಲ್ಲ." ಏನೂ ಇರುವುದಿಲ್ಲ ಅಂದರೇನು? ಏನೂ ಇಲ್ಲದ್ದು ಹೇಗಿರುತ್ತದೆ?

ಅವರು ಗೆಜ್ಜೆಯವನ ಕೈಯಿಂದ ಗೆಜ್ಜೆ ತೆಗೆದುಕೊಂಡು ನನ್ನ ಹಿಂದೆ ಹೋದರು. ನಾನು ಕಾಯುತ್ತ ನಿಂತೆ. ಕಾಯುತ್ತಲೇ ಇದ್ದೆ. ಎದುರಿಗಿದ್ದವರ ಮುಖ ಒಂದೊಂದಾಗಿ ಬದಲಾಯಿತು. ತಬಲದವನ ನಗು ಹೋಯಿತು. ತಿರುಗಿ ನೋಡಿದರೆ ಮಾಸ್ತರರು ನನ್ನ ತಲೆಯ ಹಿಂದೆಯೇ ಗೆಜ್ಜೆ ಅಲ್ಲಾಡಿಸುತ್ತಿದ್ದಾರೆ. ಜೋರಾಗಿ. ಎರಡೂ ಕೈಯಲ್ಲಿ.

ಅವನು ಮೈಗಳ್ಳನಲ್ಲ. ಕೊಳಲಿನವನು ಗಾಳಿ ಊದುತ್ತಿರಲಿಲ್ಲ. ನೆಲ ಡೊಂಕು ಅಂದವನು ನಾನು.

ಸಾಕು.

13 ಡಿಸೆಂಬರ್. ಕೊಲ್ಹಾಪುರದಿಂದ ಬಂದು

ಮಾಸ್ತರರೇ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದರು. ಡಾಕ್ಟರರು ಕಬ್ಬಿಣದ ಚಿಮಟದಂಥ ಮೂರನ್ನು ಒಂದೊಂದಾಗಿ ತಮ್ಮ ಮೊಣಕಾಲಿಗೆ ಬಡಿದು ನನ್ನ ಕಿವಿಯ ಹತ್ತಿರ ಹಿಡಿದರು. ದೊಡ್ಡದು ಕೇಳಿತು. ನಡುವಿನದು ಎಲ್ಲೋ ದೂರ. ಸಣ್ಣದು... "ಬಡೀರಿ" ಎಂದೆ. ಬಡಿದಾಗಿತ್ತು.

ಮಗ್ಗದ ಮೇಲೆ ಎಷ್ಟು ವರ್ಷ ಎಂದು ಕೇಳಿದರು. ಹದಿನೈದನೆಯ ವಯಸ್ಸಿನಿಂದ ಎಂದೆ. ಆಮೇಲೆ ಮರಾಠಿಯಲ್ಲಿ ಬಿಡಿಸಿ ಹೇಳಿದರು, ಸಿಟ್ಟಿಲ್ಲದೆ. ಮಗ್ಗದ ಗದ್ದಲಕ್ಕೆ ಒಳಗಿನ ನರ ಸತ್ತಿದೆ. ಮೇಲಿನ ಸ್ವರದ ಸಪ್ಪಳ ಮೊದಲು ಹೋಗುತ್ತದೆ, ಆಮೇಲೆ ಮೆತ್ತಗಿನ ಮಾತು, ಆಮೇಲೆ ಎಲ್ಲ. ಔಷಧ ಇಲ್ಲ. ಮಗ್ಗ ಬಿಟ್ಟರೆ ಇದ್ದದ್ದು ಉಳಿದೀತು.

"ಮತ್ತ ಆ ಹೊಂ ಅನ್ನೂದು?" ನನ್ನ ಬದಲು ಮಾಸ್ತರರು ಕೇಳಿದರು.

ಅದು ಹೊರಗಿನದಲ್ಲ. ಕೆಟ್ಟ ಕಿವಿ ತಾನೇ ಮಾಡಿಕೊಳ್ಳುವ ಸಪ್ಪಳ, ಅಂದರು ಡಾಕ್ಟರರು.

ಕೆಟ್ಟ ಕಿವಿ. ನನ್ನದು ಒಂದೇ ಅಲ್ಲವಲ್ಲ! ಅಪ್ಪನದು. ಅವ್ವನದು. ಓಣಿಗೆ ಓಣಿಯೇ. ಅವ್ವ ಯಾಕೆ ಕೂಗುತ್ತಾಳೆ, ಅಪ್ಪ ಯಾಕೆ ನಮ್ಮ ಬಾಯನ್ನೇ ನೋಡುತ್ತಾನೆ. ಶಿವ ಕರುಣೆ ಮಾಡಿದ್ದಾನೆ ಎಂದು ನಾವು ಕಾಯಿ ಒಡೆದೆವು. ಕಿವಿ ಸತ್ತದ್ದಕ್ಕೆ ಕಾಯಿ ಒಡೆದೆವು, ಕೊಬ್ಬರಿ ಹಂಚಿದೆವು. ನಾನೂ ತಿಂದಿದ್ದೇನೆ.

14 ಡಿಸೆಂಬರ್. ಬೆಳಿಗ್ಗೆ

ಅಪ್ಪ ಅವ್ವ ಕಾರ್ಖಾನೆಗೆ ಮುಂದೆ ಹೋಗಿದ್ದರು. ರಾಯವ್ವನನ್ನು ಕರೆದು ಹತ್ತಿರ ಕೂರಿಸಿಕೊಂಡೆ. ಬಲಗಿವಿ ತೋರಿಸಿದೆ. "ಇಲ್ಲಿ ಮಾತಾಡು."

ಹೆದರಿದಳು. ಆಮೇಲೆ ಬಾಯಿ ತಂದು ಕಿವಿಗೇ ಇಟ್ಟಳು. ಮೊದಲ ಸಲ ಹೆಂಡತಿಯ ದನಿ ಕೇಳಿದೆ.

"ಏನ್ ಮಾತಾಡ್ಲಿ?"

"ಮನ್ಯಾಗ ನೀ ಯಾಕ ಮಾತಾಡೂದಿಲ್ಲ?"

"ನಾ ದಿನಾ ಮಾತಾಡ್ತೇನ್ರಿ. ಚಾ ಕೊಡುವಾಗ, ಉಣ್ಣಾಕ ಹಾಕುವಾಗ... ನೀವಽ ಹೊಳ್ಳಿ ಮಾತಾಡೂದಿಲ್ಲ. ನಾ ನಿಮ್ಮ ಮನಸಿಗೆ ಬಂದಿಲ್ಲಂತ ತಿಳದಿದ್ದೆ."

ಏಳು ತಿಂಗಳು! ಬೀಸುವಾಗಿನ ಹಾಡು ಹೇಳೆಂದೆ. ಹೇಳಿದಳು. ಕಿವಿಗೆ ತುಟಿ ಹಚ್ಚಿ, ಬೀಸುಕಲ್ಲು ಇಲ್ಲದೆ ಮೈ ತೂಗುತ್ತ. ದನಿ ಬಂತು, ಅಕ್ಷರ ಅರ್ಧಕ್ಕರ್ಧ ಬರಲಿಲ್ಲ. ಹಲ್ಲು ಬಿದ್ದವರು ಹಾಡಿದ ಹಾಗೆ. ಆದರೂ ಎಂಥ ದನಿ... ಅತ್ತೆ ಸುಳ್ಳು ಹೇಳಿರಲಿಲ್ಲ.

"ನಾ ಸಮುದ್ರ ಅಂತೀನಲ್ಲ, ಆ ಹೊಂ ಅನ್ನೂದು ನಿನಗ ಕಿವ್ಯಾಗ ಕೇಳ್ತೈತೇನು?"

ತಲೆ ತಗ್ಗಿಸಿದಳು. ಮತ್ತೆ ಕಿವಿಗೆ ಬಾಯಿಟ್ಟಳು. ಇಲ್ಲವಂತೆ. "ಅತ್ತಿ ದಿನಾ ಕೇಳ್ತಾರು, ನಾದ ಹತ್ತಿತೇನು, ಹತ್ತಿತೇನು ಅಂತ. ಎಲ್ಲಾರಿಗೂ ಐತಿ, ನನಗಷ್ಟ ಇಲ್ಲ. ನಾ ಇನ್ನೂ ಈ ಮನೀಯಾಕಿ ಆಗಿಲ್ಲಂತ ಕಾಣ್ತೈತ್ರಿ."

ಆಗ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ದೂರದಲ್ಲಿ ಪಾಳಿಯ ಭೋಂಗಾ ಕೂಗಿತು ಎಂದು ಅವಳೇ ಎದ್ದಳು. ನನಗೆ ಅದೂ ಕೇಳಿರಲಿಲ್ಲ.

ಅದೇ ದಿನ. ಸಂಜೆ

ಅವ್ವನಿಗೆ ಹೇಳಿದೆ — ರಾಯವ್ವ ನಾಳೆಯಿಂದ ಕಂಡಿಗೆ ಬರುವುದು ಬೇಡ.

"ಯಾಕ? ಏನಾತು?"

"ಬ್ಯಾಡ, ಅಷ್ಟ."

"ಬಿಡ್ಸುವಂತಿ ಬಿಡೋ. ಇನ್ನೂ ಆಕೀಗೆ ನಾದ ಹತ್ತಿಲ್ಲ. ಹತ್ತಲಿ, ಆಮ್ಯಾಲ ಬಿಡ್ಸು."

ಅಪ್ಪನ ಕಡೆ ನೋಡಿದೆ. ವಿಭೂತಿ ಹಚ್ಚಿಕೊಂಡು ಗೋಡೆಗೊರಗಿ ಕೂತಿದ್ದ. ಕಣ್ಣು ಮುಚ್ಚಿ, ಒಳಗಿನದನ್ನು ಕೇಳುತ್ತಾ ಸಣ್ಣಗೆ ನಗುತ್ತಿದ್ದ. ಇಡೀ ಆಯುಷ್ಯ ಮಗ್ಗದ ಮೇಲೆ ನಿಂತು ಅವನು ಗಳಿಸಿದ್ದು ಅದೊಂದೇ. ಅದು ದೇವರಲ್ಲ, ರೋಗ ಅಂತ ನಾನು ಯಾವ ಬಾಯಿಂದ ಹೇಳಲಿ?

ಹೇಳುತ್ತೇನೆ. ಕಾರ್ಯಕ್ರಮ ಮುಗಿಯಲಿ. ಅದರ ಮರುದಿನ ಸೋಮವಾರ, ಭಜನೆಗೆ ಮೊದಲೇ ಹೇಳುತ್ತೇನೆ.

24 ಡಿಸೆಂಬರ್, ರವಿವಾರ. ಕೊಲ್ಹಾಪುರದಿಂದ ಬಂದು

ಮುಗಿಯಿತು. ನಾಟ್ಯಗೃಹ ಕಿಕ್ಕಿರಿದಿತ್ತು. ಗೋವಾ ನಮ್ಮದಾದ ವಾರ, ಊರೆಲ್ಲ ಅದೇ ಮಾತು. ಸಮುದ್ರದ ಹಾಡೆಂದರೆ ಜನಕ್ಕೆ ಹುಚ್ಚೇ ಹಿಡಿದಿತ್ತು. ದೋಣಿ ಹಾಡಿಗೆ ಎರಡು ಸಲ ಒನ್ಸ್ ಮೋರ್.

ಕೊನೆಗೆ 'ದಂಡೆ'. ನನ್ನ ಎಂಟು ಆವರ್ತನಕ್ಕೆ ಮಾಸ್ತರರು ಒಂದು ಉಪಾಯ ಮಾಡಿದ್ದರು — ದೊಡ್ಡ ಮೊರದಲ್ಲಿ ಜೋಳ ಹಾಕಿ, ಗೆಜ್ಜೆಯವನಿಂದ ಅತ್ತಿತ್ತ ಉರುಳಿಸುವುದು. ಥೇಟ್ ಸಮುದ್ರವಂತೆ. ನನಗೆ ಮೊರ ವಾಲುವುದಷ್ಟೇ ಕಂಡಿತು. ಕಾಳು ಒಂದು ಬದಿಗೆ ಹೋಗುವುದು, ಮತ್ತೆ ಬರುವುದು. ಜನರ ಮುಖ ನೋಡಿದೆ. ಮುಂದಿನ ಸಾಲಿನ ಮುದುಕಿಯೊಬ್ಬಳು ಬಾಯಿ ತೆರೆದು ಕೇಳುತ್ತಿದ್ದಳು. ಅವರಿಗೆ ಅವರ ಸಮುದ್ರ, ನನಗೆ ನನ್ನದು. ಮಾಸ್ತರರ ಬೆರಳು ನೋಡಿ ಊದಿದೆ. ತಪ್ಪಲಿಲ್ಲ. ಚಪ್ಪಾಳೆ ಕೇಳಿತು, ಅದು ಕೇಳುತ್ತದೆ, ಮಗ್ಗದ ಹಾಗೆಯೇ ಅದು.

ಪರದೆಯ ಹಿಂದೆ ಮಾಸ್ತರರು ಎರಡೂ ಭುಜ ಹಿಡಿದುಕೊಂಡರು. ನನ್ನ ಮುಖದೆದುರು ನಿಂತು, ಬಿಡಿಸಿ ಬಿಡಿಸಿ ಹೇಳಿದರು — "ಮಗ್ಗ ಬಿಡು. ಹೊಸಾ ಹುಡುಗರಿಗೆ ಕ್ಲಾರಿಯೋನೆಟ್ ಕಲಿಸು, ನನ್ನ ಕಡೆ ಇರು. ಹೆಂಡ್ತೀನ್ನೂ ಕರ್ಕೊಂಡು ಬಾ. ಆಕೀ ಕಿವಿ ಇನ್ನೂ ಚಲೋ ಅದಾವಲ್ಲ? ಹಾಡ್ತಾಳಂದೀ. ಹಾಡ್ಲಿ."

ಹಾಡಲಿ! ಬಸ್ಸಿನ ತುಂಬ ಅದೇ ಯೋಚನೆ. ರಾಯವ್ವ ಹಾಡುವುದು, ನಾನು ಬಲಗಿವಿ ಕೊಟ್ಟು ಪಕ್ಕದಲ್ಲಿ ಕೂರುವುದು. ನಾಳೆ ಎಲ್ಲ ಹೇಳಿಬಿಡುತ್ತೇನೆ. ಅಪ್ಪ ಹೊಡೆದರೆ ಹೊಡೆಯಲಿ.

25 ಡಿಸೆಂಬರ್, ಸೋಮವಾರ. ಸಂಜೆ

ಪಾಳಿ ಮುಗಿದ ಮೇಲೆ ಮಾಲಕರಿಗೆ ಕೆಲಸ ಬಿಡುತ್ತೇನೆಂದು ಹೇಳಲು ನಿಂತೆ. ಅಷ್ಟೇ ತಡ. ಅವ್ವ, ರಾಯವ್ವ ಮುಂದೆ ನಡೆದಿದ್ದರು.

ಓಣಿ ತಿರುವಿನಲ್ಲೇ ಕಂಡಿತು. ನಮ್ಮ ಬಾಗಿಲಲ್ಲಿ ಜನ. ಹೊಸ್ತಿಲು ಒದ್ದೆ. ಕಾಯಿಯ ಚಿಪ್ಪು.

ಯಾರಿಗೆ ಎಂದು ಕೇಳಲಿಲ್ಲ. ಕೇಳುವ ಮೊದಲೇ ಕಾಲು ನಿಂತವು. ಅವ್ವ ಓಡಿ ಬಂದಳು, ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು — "ಅಪ್ಪಣ್ಣಾ! ರಾಯವ್ವಗ ನಾದ ಹತ್ತೇತೋ! ನಮ್ಮ ಮನೀಯಾಕಿ ಆದ್ಲು!"

ರಾಯವ್ವನ ಹಣೆ ತುಂಬ ವಿಭೂತಿ. ಅಪ್ಪ ತನ್ನ ಕೈಯಾರೆ ಹಚ್ಚಿದ್ದು. ಎಲ್ಲರ ನಡುವೆ ನಿಂತು ನಗುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಹಾಗೆ ನಕ್ಕಿದ್ದು ನೋಡಿಲ್ಲ. ನೆಲ ನೋಡಲಿಲ್ಲ, ನನ್ನನ್ನೇ ನೋಡಿದಳು. ಹತ್ತಿರ ಬಂದಳು. ನಾನೇ ಕಲಿಸಿದ ಹಾಗೆ ಬಲಗಿವಿಗೆ ಬಾಯಿಟ್ಟಳು.

"ನನಗೂ ಕೇಳಾಕತ್ತೈತ್ರಿ... ನಿಮ್ಮ ಸಮುದ್ರ."

ಕೈಯಲ್ಲಿ ಕೊಬ್ಬರಿ ಹೋಳು ಇಟ್ಟಳು.

ಒಳಗೆ ಬಂದು ಬರೆಯುತ್ತಿದ್ದೇನೆ. ಯಾಕೆ ಬರೆಯುತ್ತಿದ್ದೇನೆ, ಗೊತ್ತಿಲ್ಲ. ಹೋಳು ಮಗ್ಗುಲಲ್ಲೇ ಇದೆ, ತಿಂದಿಲ್ಲ. ಹೊರಗೆ ಭಜನೆಗೆ ಕೂತಿದ್ದಾರೆ, ತಾಳದವನ ಕೈ ಏರಿಳಿಯುವುದು ಬಾಗಿಲಿನಿಂದ ಕಾಣುತ್ತದೆ. ಅಪ್ಪ ಕರುಣೆಯ ಮಾತು ಶುರು ಮಾಡಿರಬೇಕು, ಎಲ್ಲ ಕೈ ಮುಗಿದಿದ್ದಾರೆ. ರಾಯವ್ವ ಅವ್ವನ ಪಕ್ಕ ಕೂತು ಕಣ್ಣು ಮುಚ್ಚಿದ್ದಾಳೆ. ಕೇಳುತ್ತಿದ್ದಾಳೆ.

ಇನ್ನು ಒಂದು ದಿನವೂ ಅವಳು ಆ ಮಶಿನ್ ಮುಂದೆ ಕೂರಬಾರದು. ಈಗಲೇ ಏಳಬೇಕು. ಎದ್ದು ಹೋಗಿ ಅಪ್ಪನ ಮುಖದೆದುರು ನಿಂತು, ಈ ಓಣಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಬೇಕು, ಇದು ನಾದ ಅಲ್ಲ ಅಂತ. ಎದ್ದೆ.